ಮುಗ್ಗರಿಸುವ ಟೈಮ್‌ಲೈನ್: ಮನೆಯ ಕಂಪ್ಯೂಟರಿನಲ್ಲಿ ಎಚ್‌ಡಿ ಎಡಿಟಿಂಗ್

ಪೂರ್ಣ ಎಚ್‌ಡಿ ವಿಡಿಯೊದ ಒಂದೊಂದು ಫ್ರೇಮಿನಲ್ಲೂ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ, ಒಟ್ಟು 20,73,600. ಬಿಂದುವೊಂದರ ಬಣ್ಣಕ್ಕೆ ಮೂರು ಬೈಟ್ ಹಿಡಿದರೆ ಒಂದು ಫ್ರೇಮಿಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಫ್ರೇಮಿನಂತೆ 155 ಎಂಬಿ, ಗಂಟೆಗೆ 560 ಜಿಬಿ. ಧಾರೆಯಿಂದ ಆರತಕ್ಷತೆಯವರೆಗಿನ ಒಂದು ಮದುವೆಯನ್ನು ಈ ಕಚ್ಚಾ ರೂಪದಲ್ಲಿ ಹಿಡಿದಿಡಲು ಹೊರಟರೆ ಮೆಮೊರಿ ಕಾರ್ಡುಗಳನ್ನು ಚೀಲದಲ್ಲಿ ಹೊತ್ತು ತರಬೇಕಾಗುತ್ತದೆ. ನಿಜವಾಗಿ ಆ ಇಡೀ ಮದುವೆ ಒಂದೆರಡು ಕಾರ್ಡುಗಳಲ್ಲಿ ಅಡಗಿ ಬರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಎಡಿಟಿಂಗ್ ನಿಧಾನವಾಗುವುದರ ಮೂಲ ಈ ಅಡಗಿಸುವಿಕೆಯಲ್ಲೇ ಇದೆ.

ಕ್ಯಾಮೆರಾ ಈ ಭಾರವನ್ನು ಎರಡು ಹಂತದಲ್ಲಿ ಇಳಿಸುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಆದ್ದರಿಂದ ಹೊಳಪನ್ನು ಪ್ರತಿ ಬಿಂದುವಿಗೂ ಬರೆದು, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಂದು ಸಲ ಮಾತ್ರ ಬರೆಯುವುದು ರೂಢಿ. ಕ್ಯಾಮೆರಾ ಕೈಪಿಡಿಗಳಲ್ಲಿ ಕಾಣುವ 4:2:0 ಎಂಬ ಅಂಕಿ ಇದನ್ನೇ ಹೇಳುತ್ತದೆ. ಇಷ್ಟರಿಂದಲೇ 155 ಎಂಬಿ ಅರ್ಧಕ್ಕಿಳಿದು 78 ಎಂಬಿ ಆಗುತ್ತದೆ. ಉಳಿದದ್ದು ಕೋಡೆಕ್ಕಿನ, ಅಂದರೆ ವಿಡಿಯೊವನ್ನು ಹಿಂಡಿ ಬರೆಯುವ ವಿಧಾನದ ಕೆಲಸ. ಸೋನಿ ಮತ್ತು ಪ್ಯಾನಾಸೋನಿಕ್ ಕಂಪನಿಗಳು ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಮಾದರಿ ಸೆಕೆಂಡಿಗೆ ಹೆಚ್ಚೆಂದರೆ 24 ಮೆಗಾಬಿಟ್, ಅಂದರೆ 3 ಎಂಬಿಯಲ್ಲಿ ಎಚ್‌ಡಿ ದೃಶ್ಯವನ್ನು ಹಿಡಿದಿಡುತ್ತಿತ್ತು. 78 ಎಂಬಿ 3 ಎಂಬಿಗೆ ಇಳಿಯಿತು. ಇದನ್ನು ಸಾಧ್ಯ ಮಾಡಿದ್ದು 2003ರಲ್ಲಿ ಅಂತಿಮಗೊಂಡ ಎಚ್.264 ಕೋಡೆಕ್. 2013ರಲ್ಲಿ ಬಂದ ಎಚ್.265, ಅಂದರೆ ಎಚ್‌ಇವಿಸಿ, ಅದಕ್ಕಿಂತಲೂ ಬಿಗಿಯಾಗಿ ಹಿಂಡುತ್ತದೆ. ಈಗಿನ ಫೋನುಗಳು ಬಹುತೇಕ ಈ ಎರಡರಲ್ಲಿ ಒಂದನ್ನು ಬಳಸುತ್ತವೆ.

ಹಿಂಡುವ ತಂತ್ರ ಹೀಗಿದೆ. ಮಂಟಪದಲ್ಲಿ ಕುಳಿತ ವಧೂವರರ ಹಿಂದಿನ ಅಲಂಕಾರ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗುವುದಿಲ್ಲ. ಬದಲಾಗದ್ದನ್ನು ಸೆಕೆಂಡಿಗೆ 25 ಸಲ ಬರೆಯುವುದು ದಂಡ. ಹಾಗಾಗಿ ಕೋಡೆಕ್ ಒಂದು ಫ್ರೇಮನ್ನು ಮಾತ್ರ ಇಡಿಯಾಗಿ ಬರೆಯುತ್ತದೆ, ಇದು ಐ-ಫ್ರೇಮ್. ಆಮೇಲಿನ ಫ್ರೇಮುಗಳಲ್ಲಿ ಏನು ಎಲ್ಲಿಂದ ಎಲ್ಲಿಗೆ ಸರಿಯಿತು, ಏನು ಹೊಸದಾಗಿ ಬಂತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಹಿಂದಿನದನ್ನು ನೋಡಿ ಬರೆದದ್ದು ಪಿ-ಫ್ರೇಮ್; ಹಿಂದಿನದನ್ನೂ ಮುಂದಿನದನ್ನೂ ನೋಡಿ ಬರೆದದ್ದು ಬಿ-ಫ್ರೇಮ್. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ದಿನದಿನದ ಕೊಡು-ಕೊಳ್ಳುವಿಕೆ ಮಾತ್ರ ಇದ್ದು, ಒಟ್ಟು ಬಾಕಿಯನ್ನು ತಿಂಗಳಿಗೊಮ್ಮೆ ಬರೆದಿಟ್ಟಿರುವ ಹಾಗೆ. ಹದಿನೇಳನೆಯ ತಾರೀಕಿನ ಬಾಕಿ ಎಷ್ಟೆಂದು ಯಾರಾದರೂ ಕೇಳಿದರೆ ಒಂದನೆಯ ತಾರೀಕಿನಿಂದ ಕೂಡಿ ಕಳೆದು ಬರಬೇಕು.

ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ, ಲೆಕ್ಕ ಸಾಲಾಗಿ ಸಾಗುತ್ತದೆ. ಎಡಿಟ್ ಮಾಡುವವರು ಸಾಲಾಗಿ ನೋಡುವುದೇ ಇಲ್ಲ. ಪ್ಲೇಹೆಡ್ಡನ್ನು ಎಳೆದಾಡುತ್ತಾರೆ, ನಡುವೆ ಕತ್ತರಿಸುತ್ತಾರೆ, ನಾಲ್ಕು ಫ್ರೇಮ್ ಹಿಂದಕ್ಕೆ ಹೋಗುತ್ತಾರೆ. ಪ್ರತಿ ನೆಗೆತಕ್ಕೂ ಕಂಪ್ಯೂಟರು ಹಿಂದಿನ ಹತ್ತಿರದ ಐ-ಫ್ರೇಮಿಗೆ ಓಡಿ, ಅಲ್ಲಿಂದ ಬೇಕಾದ ಫ್ರೇಮಿನವರೆಗಿನದನ್ನೆಲ್ಲ ಬಿಡಿಸಿಕೊಂಡು ಬರಬೇಕು. ಹಿಮ್ಮುಖವಾಗಿ ಓಡಿಸುವುದಂತೂ ಶಿಕ್ಷೆಯೇ ಸರಿ. ಕ್ಯಾಮೆರಾಗಳಲ್ಲಿ ಐ-ಫ್ರೇಮ್ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದರಂತೆ ಬರುತ್ತದೆ. ಎಕ್ಸ್264 ಎಂಬ ಜನಪ್ರಿಯ ತಂತ್ರಾಂಶದ ಮೂಲ ಹೊಂದಿಕೆಯಲ್ಲೇ ಸಂಕುಚಿಸಿದ ಫೈಲುಗಳಲ್ಲಿ ಎರಡು ಐ-ಫ್ರೇಮುಗಳ ನಡುವೆ 250 ಫ್ರೇಮುಗಳವರೆಗೂ ಅಂತರ ಇರಬಹುದು, ಅಂದರೆ ಹತ್ತು ಸೆಕೆಂಡು. ಕಂಪ್ಯೂಟರ್ ಪರದೆಯ ರೆಕಾರ್ಡಿಂಗುಗಳನ್ನು, ಡೌನ್‌ಲೋಡ್ ಮಾಡಿದ ತುಣುಕುಗಳನ್ನು ಟೈಮ್‌ಲೈನಿಗೆ ಹಾಕಿದಾಗ ಎಲ್ಲಕ್ಕಿಂತ ಹೆಚ್ಚು ಮುಗ್ಗರಿಸುವುದು ಇದೇ ಕಾರಣಕ್ಕೆ.

ಆದರೆ ಎಡಿಟಿಂಗ್ ನಿಧಾನವಾದ ಕೂಡಲೇ ಅಂಗಡಿಯವರು ಕೊಡುವ ಸಲಹೆ ಒಂದೇ: ಗ್ರಾಫಿಕ್ಸ್ ಕಾರ್ಡ್ ಹಾಕಿಸಿ. ಅದು ಕೆಲವೊಮ್ಮೆ ಸರಿ, ಬಹಳ ಸಲ ದುಂದು. ಯಾವ ಭಾಗದಲ್ಲಿ ಕೆಲಸ ಸಿಕ್ಕಿಕೊಂಡಿದೆ ಎಂದು ತಿಳಿಯದೆ ಮಾಡಿದ ಖರ್ಚಿಗೆ ಫಲ ಎಷ್ಟೆಂಬುದನ್ನು ಲೆಕ್ಕ ಹಾಕುವ ದಾರಿಯನ್ನು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಹತ್ತು ನಿಮಿಷ ಹಿಡಿಯುವ ಒಂದು ಕೆಲಸದಲ್ಲಿ ಫ್ರೇಮ್ ಬಿಡಿಸಲು ನಾಲ್ಕು, ಎಫೆಕ್ಟಿಗೆ ಮೂರು, ಮತ್ತೆ ಸಂಕುಚಿಸಲು ಮೂರು ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಎಫೆಕ್ಟುಗಳನ್ನು ಕಣ್ಣು ಮಿಟುಕಿಸುವುದರಲ್ಲಿ ಮುಗಿಸುವ ಕಾರ್ಡ್ ತಂದರೂ ಒಟ್ಟು ಸಮಯ ಏಳು ನಿಮಿಷಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಸಿಕ್ಕು ಎಲ್ಲಿದೆ ಎಂದು ನೋಡಲು ದುಡ್ಡು ಬೇಕಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಮುಗ್ಗರಿಸುವ ಜಾಗವನ್ನು ಪ್ಲೇ ಮಾಡಬೇಕು. ಪ್ರೊಸೆಸರ್ ನೂರರ ಹತ್ತಿರ ಹೋಗಿ, ಜಿಪಿಯು ಪುಟದಲ್ಲಿರುವ ‘ವಿಡಿಯೊ ಡಿಕೋಡ್’ ಎಂಬ ಗೆರೆ ಸೊನ್ನೆಯಲ್ಲೇ ಮಲಗಿದ್ದರೆ ಫ್ರೇಮ್ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಯ ಮೇಲೆ ಬಿದ್ದಿದೆ ಎಂದರ್ಥ. ಡಿಸ್ಕ್ ನೂರು ತೋರಿಸಿ ಪ್ರೊಸೆಸರ್ ಸುಮ್ಮನಿದ್ದರೆ ಡಿಸ್ಕೇ ನಿಧಾನ. ಮೆಮೊರಿ ತುಂಬಿ ತುಳುಕುತ್ತಾ ಅದರ ಜೊತೆಗೆ ಡಿಸ್ಕೂ ಒದ್ದಾಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎಲ್ಲವೂ ಆರಾಮಾಗಿ ಕಂಡೂ ವಿಡಿಯೊ ತಡವರಿಸುವುದುಂಟು. ಎಂಟು ಕೋರಿನ ಪ್ರೊಸೆಸರಿನಲ್ಲಿ ಒಂದೇ ಕೋರ್ ಪೂರ್ತಿ ದುಡಿದು ಉಳಿದವು ಖಾಲಿ ಕೂತಿದ್ದರೆ ಒಟ್ಟು ಬಳಕೆ ಹನ್ನೆರಡೂವರೆ ಪ್ರತಿಶತ ಅಷ್ಟೇ ಕಾಣುತ್ತದೆ. ಹಳೆಯ ಪ್ಲಗಿನ್ನುಗಳು ಹೀಗೆ ಒಂದೇ ಕೋರಿಗೆ ಜೋತುಬೀಳುತ್ತವೆ. ಗ್ರಾಫನ್ನು ಕೋರ್‌ಗಳ ಪ್ರಕಾರ ಬಿಡಿಸಿ ತೋರಿಸುವಂತೆ ಬದಲಾಯಿಸಿದರೆ ಈ ಗುಟ್ಟು ರಟ್ಟಾಗುತ್ತದೆ.

ಮನೆಯ ಕಂಪ್ಯೂಟರುಗಳಲ್ಲಿ ಸಿಕ್ಕು ಹೆಚ್ಚಾಗಿ ಕಾಣುವುದು ಮೊದಲ ಬಗೆಯದು, ಫ್ರೇಮ್ ಬಿಡಿಸುವಲ್ಲಿ. ಅದಕ್ಕೆ ಅತ್ಯಂತ ಅಗ್ಗದ, ಅತ್ಯಂತ ಖಚಿತವಾದ ಪರಿಹಾರವೆಂದರೆ ಯಂತ್ರವನ್ನಲ್ಲ, ಫೈಲನ್ನೇ ಬದಲಾಯಿಸುವುದು. ಎಡಿಟಿಂಗಿಗೆಂದೇ ರೂಪಿಸಿದ ಕೋಡೆಕ್ಕುಗಳಿವೆ: ಅವಿಡ್ ಕಂಪನಿ 2004ರಲ್ಲಿ ತಂದ ಡಿಎನ್‌ಎಕ್ಸ್‌ಎಚ್‌ಡಿ, ಆಪಲ್ 2007ರಲ್ಲಿ ತಂದ ಪ್ರೊರೆಸ್, ಈಗ ಮುಕ್ತ ತಂತ್ರಾಂಶವಾಗಿರುವ ಸಿನೆಫಾರ್ಮ್. ಇವುಗಳಲ್ಲಿ ಪ್ರತಿ ಫ್ರೇಮೂ ತನ್ನ ಪಾಡಿಗೆ ತಾನು ಪೂರ್ಣ. ಎಲ್ಲಿಗೆ ನೆಗೆದರೂ ಅಲ್ಲಿನ ಒಂದು ಫ್ರೇಮನ್ನು ಬಿಡಿಸಿದರೆ ಸಾಕು, ಹಿಂದುಮುಂದಿನ ಲೆಕ್ಕವಿಲ್ಲ. ಪ್ರತಿ ಫ್ರೇಮನ್ನು ಬಿಡಿಸುವ ಗಣಿತವೂ ಎಚ್.264ಕ್ಕಿಂತ ಸರಳ, ಬೇರೆ ಬೇರೆ ಕೋರುಗಳಿಗೆ ಹಂಚಿಕೊಡುವುದೂ ಸುಲಭ. ಎಚ್‌ಇವಿಸಿ ಫೈಲಿನ ಮುಂದೆ ಏದುಸಿರು ಬಿಡುವ ಹಳೆಯ ಲ್ಯಾಪ್‌ಟಾಪ್, ಅದೇ ದೃಶ್ಯವನ್ನು ಪ್ರೊರೆಸ್‌ಗೆ ಬದಲಾಯಿಸಿ ಕೊಟ್ಟರೆ ಬೆಣ್ಣೆಯಂತೆ ಓಡಿಸುತ್ತದೆ.

ತೆರಬೇಕಾದ ಬೆಲೆ ಜಾಗ. 1080ಪಿ, ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಡಿಎನ್‌ಎಕ್ಸ್‌ಎಚ್‌ಡಿಯ ಮಧ್ಯಮ ದರ್ಜೆ ಸೆಕೆಂಡಿಗೆ 120 ಮೆಗಾಬಿಟ್ ತಿನ್ನುತ್ತದೆ. ಗಂಟೆಗೆ 54 ಜಿಬಿ. ಪ್ರೊರೆಸ್ 422 ಹೆಚ್ಚುಕಡಿಮೆ ಅಷ್ಟೇ. ಕ್ಯಾಮೆರಾ ಫೈಲು ಗಂಟೆಗೆ ಹನ್ನೊಂದು ಜಿಬಿ ಇದ್ದಲ್ಲಿ ಇದು ಐದು ಪಟ್ಟು. ಇನ್ನೊಂದು ಮಾತು: ಬದಲಾಯಿಸಿದ ಮಾತ್ರಕ್ಕೆ ಚಿತ್ರದ ಗುಣಮಟ್ಟ ಕೂದಲಷ್ಟೂ ಏರುವುದಿಲ್ಲ. ಕ್ಯಾಮೆರಾ ಕಳೆದದ್ದು ಕಳೆದೇ ಹೋಯಿತು. ಫೈಲು ದೊಡ್ಡದಾದದ್ದು ಬಿಡಿಸುವ ಕಷ್ಟ ತಪ್ಪಿಸಲು ಮಾತ್ರ.

ಜಾಗ ಅಷ್ಟಿಲ್ಲದವರಿಗೆ ಇನ್ನೂ ಒಳ್ಳೆಯ ದಾರಿ ಪ್ರಾಕ್ಸಿ. ಮೂಲ ಫೈಲುಗಳನ್ನು ಮುಟ್ಟದೆ, ಅವುಗಳ ಹಗುರ ಪ್ರತಿಗಳನ್ನು ಮಾಡಿಕೊಂಡು, ಕತ್ತರಿಸುವ ಜೋಡಿಸುವ ಕೆಲಸವನ್ನೆಲ್ಲ ಆ ಪ್ರತಿಗಳ ಮೇಲೆ ನಡೆಸಿ, ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ತಾನೇ ಮೂಲಕ್ಕೆ ಮರಳುತ್ತದೆ. ವೃತ್ತಿಪರರಿಗೆ ಇದು ಹಳೆಯ ಪರಿಪಾಠ. 1989ರಲ್ಲಿ ಅವಿಡ್‌ನ ಮೊದಲ ಎಡಿಟಿಂಗ್ ಯಂತ್ರ ಬಂದಾಗ ಡಿಸ್ಕಿನಲ್ಲಿ ಒಳ್ಳೆಯ ಚಿತ್ರ ಹಿಡಿಸುವಷ್ಟು ಜಾಗವೇ ಇರಲಿಲ್ಲ. ಮಸುಕು ಚಿತ್ರದಲ್ಲೇ ಎಡಿಟ್ ಮುಗಿಸಿ, ಆ ಪಟ್ಟಿಯ ಪ್ರಕಾರ ಮೂಲ ಟೇಪನ್ನೋ ನೆಗೆಟಿವ್ವನ್ನೋ ಜೋಡಿಸುತ್ತಿದ್ದರು. ಇದಕ್ಕೆ ಆಫ್‌ಲೈನ್ ಎಡಿಟಿಂಗ್ ಎಂದು ಹೆಸರು. ಅಡೋಬಿ ಪ್ರೀಮಿಯರ್‌ಗೆ 2016ರಲ್ಲಿ ಸೇರಿದ ಪ್ರಾಕ್ಸಿ ಸೌಲಭ್ಯ, ಡಾವಿಂಚಿ ರಿಸಾಲ್ವ್, ಫೈನಲ್ ಕಟ್ ಪ್ರೊ, ಹಾಗೂ ಉಚಿತವಾಗಿ ಸಿಗುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್‌ಗಳಲ್ಲಿರುವ ಸೌಲಭ್ಯಗಳು ಅದೇ ವಿದ್ಯೆಯನ್ನು ಒಂದು ಗುಂಡಿಗೆ ಇಳಿಸಿವೆ.

ಪ್ರಾಕ್ಸಿ ಮಾಡುವಾಗ ಎರಡು ವಿಷಯ ನಿರ್ಧರಿಸಬೇಕು, ಅಳತೆ ಮತ್ತು ಕೋಡೆಕ್. 4ಕೆ ದೃಶ್ಯಕ್ಕೆ 1280 × 720, ಎಚ್‌ಡಿಗೆ 960 × 540 ಸಾಕು. ಮುಖಭಾವ, ಫೋಕಸ್ ಸ್ಥೂಲವಾಗಿ ಗೊತ್ತಾದರೆ ಕತ್ತರಿಸಲು ಅಡ್ಡಿಯಿಲ್ಲ. ಕೋಡೆಕ್ ವಿಚಾರದಲ್ಲಿ ಎಡವುವವರು ಹೆಚ್ಚು. ಚಿಕ್ಕ ಫೈಲಿನ ಆಸೆಗೆ ಪ್ರಾಕ್ಸಿಯನ್ನೂ ಎಚ್.264ನಲ್ಲಿ ಮಾಡಿದರೆ ಬಿಂದುಗಳ ಸಂಖ್ಯೆ ಇಳಿದಿರುತ್ತದೆ, ಲೆಕ್ಕ ಕೂಡುವ ಕಷ್ಟ ಹಾಗೇ ಉಳಿದಿರುತ್ತದೆ. ತೀರಾ ಹಳೆಯ ಯಂತ್ರವಾದರೆ ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಡಿಯ ಅತಿ ಹಗುರ ದರ್ಜೆಯೇ ಮೇಲು. ಎರಡನೆಯದು ಪೂರ್ಣ 1080ಪಿ ಅಳತೆಯಲ್ಲೂ ಸೆಕೆಂಡಿಗೆ 36 ಮೆಗಾಬಿಟ್, ಗಂಟೆಗೆ 16 ಜಿಬಿ ಮಾತ್ರ. ಪ್ರಾಕ್ಸಿಯ ಫ್ರೇಮ್ ದರ, ಅವಧಿ, ಧ್ವನಿಯ ಚಾನೆಲ್ಲುಗಳ ಸಂಖ್ಯೆ ಮೂಲದ್ದಕ್ಕೆ ತಾಳೆಯಾಗಬೇಕು. ಕೆಲಸ ಶುರುವಾದ ಮೇಲೆ ಮೂಲ ಫೈಲುಗಳ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಾಯಿಸಬಾರದು. ಬಣ್ಣ ತಿದ್ದುವಾಗ, ಹಸಿರು ಪರದೆ ಅಳಿಸುವಾಗ, ನಾಯ್ಸ್ ತೆಗೆಯುವಾಗ ಪ್ರಾಕ್ಸಿಯನ್ನು ಆಫ್ ಮಾಡಿ ಮೂಲವನ್ನೇ ನೋಡಬೇಕು. ಕೆಲವು ತಂತ್ರಾಂಶಗಳಲ್ಲಿ ಎಕ್ಸ್‌ಪೋರ್ಟಿಗೂ ಪ್ರಾಕ್ಸಿ ಬಳಸುವ ಆಯ್ಕೆ ಇರುತ್ತದೆ, ಅದು ಅಪ್ಪಿತಪ್ಪಿ ಆನ್ ಆಗಿದ್ದರೆ ಗಿರಾಕಿಯ ಕೈಗೆ ಮಸುಕು ಮದುವೆ ಹೋಗುತ್ತದೆ.

ಫೋನಿನಲ್ಲಿ ತೆಗೆದ ವಿಡಿಯೊಗೆ ಇನ್ನೊಂದು ತಾಪತ್ರಯ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಫ್ರೇಮ್ ದರ ತಾನಾಗಿ ಏರಿಳಿಯುತ್ತದೆ: ಒಂದು ಕ್ಷಣ ಸೆಕೆಂಡಿಗೆ 30, ಇನ್ನೊಂದು ಕ್ಷಣ 27. ಎಡಿಟಿಂಗ್ ತಂತ್ರಾಂಶಗಳು ಒಂದೇ ದರವನ್ನು ನಿರೀಕ್ಷಿಸುತ್ತವೆ. ಪರಿಣಾಮವಾಗಿ ಪ್ಲೇ ಮಾಡುವಾಗ ತಡವರಿಕೆ, ಉದ್ದನೆಯ ಸಂದರ್ಶನವಾದರೆ ಕೊನೆಕೊನೆಗೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವುದು. ಇಂಥ ಫೈಲುಗಳನ್ನು ಟೈಮ್‌ಲೈನಿಗೆ ತರುವ ಮೊದಲೇ ಸ್ಥಿರ ದರಕ್ಕೆ ಬದಲಾಯಿಸಿಕೊಳ್ಳಬೇಕು. ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಈ ಆಯ್ಕೆಯಿದೆ, ಆದರೆ ಅದು ಕೊಡುವ ಫೈಲು ಸಾಮಾನ್ಯವಾಗಿ ಮತ್ತೆ ಎಚ್.264 ಅಥವಾ ಅಂಥದ್ದೇ ಆಗಿರುತ್ತದೆ. ಎಫ್‌ಎಫ್‌ಎಂಪೆಗ್ ಅಥವಾ ಅದರ ಮೇಲೆ ಕಟ್ಟಿದ ಶಟರ್ ಎನ್‌ಕೋಡರ್ ಬಳಸಿದರೆ ಸ್ಥಿರ ದರವೂ ಪ್ರೊರೆಸ್ ರೂಪವೂ ಒಂದೇ ಏಟಿಗೆ ಸಿಗುತ್ತವೆ. ಶಾಟ್‌ಕಟ್ ಅಂತೂ ಇಂಥ ಫೈಲನ್ನು ತೆರೆದ ಕೂಡಲೇ ಎಡಿಟಿಂಗಿಗೆ ಒಗ್ಗುವ ರೂಪಕ್ಕೆ ಬದಲಾಯಿಸಲೇ ಎಂದು ತಾನಾಗಿ ಕೇಳುತ್ತದೆ. ಕೇಳಿದಾಗ ಹೂಂ ಎನ್ನುವುದು ಒಳ್ಳೆಯದು.

ಭಾರತದಲ್ಲಿ ವಿದ್ಯುತ್ತಿನ ಆವರ್ತ 50 ಹರ್ಟ್ಸ್ ಆದ್ದರಿಂದ ದೀಪ ಮಿಣುಕದಿರಲಿ ಎಂದು ವೃತ್ತಿಪರರು ಕ್ಯಾಮೆರಾವನ್ನು 25 ಅಥವಾ 50 ಫ್ರೇಮಿಗೆ ಇಟ್ಟಿರುತ್ತಾರೆ. ಫೋನುಗಳು 30ರಲ್ಲಿ ತೆಗೆಯುತ್ತವೆ. ಎರಡೂ ಒಂದೇ ಟೈಮ್‌ಲೈನಿನಲ್ಲಿ ಸೇರಿದಾಗ ನಡುವಿನ ಫ್ರೇಮುಗಳನ್ನು ಊಹಿಸಿ ಹುಟ್ಟಿಸುವ ಆಪ್ಟಿಕಲ್ ಫ್ಲೋ ವಿಧಾನ ಆರಿಸಿದ್ದರೆ ಕಂಪ್ಯೂಟರಿಗೆ ಜೀವ ಹೋದಂತಾಗುತ್ತದೆ. ಎಡಿಟಿಂಗ್ ಮುಗಿಯುವವರೆಗೆ ಸಾದಾ ವಿಧಾನದಲ್ಲೇ ಇಟ್ಟು, ಬೇಕೆನಿಸಿದ ತುಣುಕುಗಳಿಗೆ ಮಾತ್ರ ಕೊನೆಯಲ್ಲಿ ಅದನ್ನು ಹಾಕಬಹುದು. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಎಚ್‌ಇವಿಸಿಯ ಬದಲು ಎಚ್.264 ದಾಖಲಾಗುತ್ತದೆ. ಹಳೆಯ ಕಂಪ್ಯೂಟರ್ ಇರುವವರು ಚಿತ್ರೀಕರಣಕ್ಕೆ ಮೊದಲೇ ಇದನ್ನು ಮಾಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಇನ್ನು ಯಂತ್ರದ ಮಾತು. ಫ್ರೇಮ್ ಬಿಡಿಸುವುದಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಮಂಡಲವೊಂದು ಇರುತ್ತದೆ. ಇಂಟೆಲ್ 2011ರಲ್ಲಿ ತನ್ನ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ಎನ್‌ವಿಡಿಯಾ, ಎಎಂಡಿ ಕಾರ್ಡುಗಳಲ್ಲೂ ಆಪಲ್‌ನ ಎಂ ಸರಣಿಯ ಚಿಪ್ಪುಗಳಲ್ಲೂ ಇಂಥದ್ದೇ ಇದೆ. ಇದು ಗ್ರಾಫಿಕ್ಸ್ ಕಾರ್ಡಿನ ಆಟದ ಶಕ್ತಿಗೂ ಎಫೆಕ್ಟಿನ ಶಕ್ತಿಗೂ ಸಂಬಂಧವಿಲ್ಲದ ಬೇರೆಯೇ ಭಾಗ. ಯಾವ ಬಗೆಯ ಫೈಲನ್ನು ಬಿಡಿಸಬಲ್ಲದು ಎಂಬುದು ತಯಾರಾಗುವಾಗಲೇ ತೀರ್ಮಾನವಾಗಿರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಬಗೆ ಬಂದರೆ ಕೈಚೆಲ್ಲಿ ಕೆಲಸವನ್ನು ಪ್ರೊಸೆಸರಿಗೆ ಒಪ್ಪಿಸುತ್ತದೆ. ಎಂಟು ಬಿಟ್‌ನ 4:2:0 ಎಚ್.264 ಈಚಿನ ಎಲ್ಲ ಯಂತ್ರಗಳಿಗೂ ಸಲೀಸು. ಹತ್ತು ಬಿಟ್ ಎಚ್‌ಇವಿಸಿ ಇಂಟೆಲ್‌ನ ಏಳನೆಯ ಪೀಳಿಗೆಯಿಂದ ಸರಾಗ. ತೊಡಕಿನದು ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಹತ್ತು ಬಿಟ್ 4:2:2, ಅಂದರೆ ಬಣ್ಣವನ್ನು ಇನ್ನೂ ದಟ್ಟವಾಗಿ ಬರೆಯುವ ಬಗೆ. ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯ ಒಳಗ್ರಾಫಿಕ್ಸ್ ಎಚ್‌ಇವಿಸಿಯ ಈ ಬಗೆಯನ್ನು ಬಿಡಿಸುತ್ತಿತ್ತು. ಎನ್‌ವಿಡಿಯಾದ ಜಿಫೋರ್ಸ್ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅಂದರೆ ಕೆಲವು ವರ್ಷ, ಲಕ್ಷದ ಆಸುಪಾಸಿನ ಕಾರ್ಡ್ ತಡವರಿಸಿದ ಕಡೆ ಸಾಮಾನ್ಯ ಪ್ರೊಸೆಸರಿನ ಒಳಗ್ರಾಫಿಕ್ಸ್ ಆರಾಮಾಗಿ ಓಡಿಸುತ್ತಿತ್ತು.

ಹೊಸ ಕಂಪ್ಯೂಟರ್ ಜೋಡಿಸುವವರು ಇಲ್ಲಿ ಒಂದು ಅಕ್ಷರ ಗಮನಿಸಬೇಕು. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್ ಬಳಕೆಗೆ ಸಿಗುವುದಿಲ್ಲ, ಅದರ ಜೊತೆಗೆ ಕ್ವಿಕ್ ಸಿಂಕ್ ಕೂಡ. ಸ್ವಲ್ಪ ಹಣ ಉಳಿಯುತ್ತದೆಂದು ಕೊಂಡವರು ವಿಡಿಯೊ ಎಡಿಟಿಂಗಿನಲ್ಲಿ ಅದರ ಹಲವು ಪಟ್ಟು ಸಮಯ ಕಳೆಯಬೇಕಾಗಬಹುದು. ಒಳಗ್ರಾಫಿಕ್ಸ್ ಇದ್ದರೂ ಪ್ರತ್ಯೇಕ ಕಾರ್ಡ್ ಹಾಕಿದ ಕೂಡಲೇ ಕೆಲವು ಮದರ್‌ಬೋರ್ಡುಗಳು ಒಳಗ್ರಾಫಿಕ್ಸನ್ನು ಆಫ್ ಮಾಡಿಬಿಡುತ್ತವೆ. ಬಯೋಸ್‌ಗೆ ಹೋಗಿ ಮತ್ತೆ ಆನ್ ಮಾಡಬೇಕು. ಎಡಿಟಿಂಗ್ ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಯ್ಕೆಯೂ ಆನ್ ಇರಬೇಕು. ಇಷ್ಟಾದ ಮೇಲೆ ಟಾಸ್ಕ್ ಮ್ಯಾನೇಜರಿನ ‘ವಿಡಿಯೊ ಡಿಕೋಡ್’ ಗೆರೆ ಮೇಲೇಳುತ್ತದೆ, ಪ್ರೊಸೆಸರಿನ ಗೆರೆ ಕೆಳಗಿಳಿಯುತ್ತದೆ.

ಡಿಸ್ಕಿನ ವಿಚಾರದಲ್ಲಿ ಒಂದು ವಿಚಿತ್ರ ಇದೆ. ಕ್ಯಾಮೆರಾದ ಮೂಲ ಫೈಲುಗಳು ಪ್ರೊಸೆಸರಿಗೆ ಭಾರ, ಡಿಸ್ಕಿಗೆ ಹಗುರ. ಪ್ರೊರೆಸ್‌ನಂಥವು ಪ್ರೊಸೆಸರಿಗೆ ಹಗುರ, ಡಿಸ್ಕಿಗೆ ಭಾರ. ಎವಿಸಿಎಚ್‌ಡಿ ಬಳಸುತ್ತಾ ವೇಗದ ಎಸ್‌ಎಸ್‌ಡಿ ಹಾಕಿಸಿದವರಿಗೆ ನಿರಾಸೆಯಾಗುವುದು ಅದಕ್ಕೇ: ಸೆಕೆಂಡಿಗೆ 3 ಎಂಬಿ ಕೊಡಲು ಹಳೆಯ ಹಾರ್ಡ್ ಡಿಸ್ಕೇ ಬೇಕಾದಷ್ಟಾಯಿತು. ಮೂರು ಕ್ಯಾಮೆರಾದ ದೃಶ್ಯಗಳನ್ನು 120 ಮೆಗಾಬಿಟ್ ರೂಪದಲ್ಲಿ ಒಟ್ಟಿಗೆ ಓಡಿಸುವಾಗ ಸೆಕೆಂಡಿಗೆ 45 ಎಂಬಿ ಬೇಕು. ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಇದರ ಎರಡು ಮೂರು ಪಟ್ಟು ಕೊಡಬಲ್ಲದು, ಆದರೆ ಮೂರು ಕಡೆಗೆ ತನ್ನ ಓದುವ ಮುಳ್ಳನ್ನು ಹಾರಿಸುತ್ತಾ ಹೋಗುವಾಗ ಪ್ರತಿ ಹಾರಿಕೆಗೂ ಹತ್ತು ಮಿಲಿಸೆಕೆಂಡಿನಷ್ಟು ಕಾಲ ವ್ಯರ್ಥವಾಗುತ್ತದೆ. ಎಸ್‌ಎಸ್‌ಡಿಗೆ ಆ ಬಾಧೆಯಿಲ್ಲ; ಸಾಟಾ ತಂತಿಯ ಮಾದರಿಯದು ಸೆಕೆಂಡಿಗೆ 500 ಎಂಬಿಗೂ ಮೇಲೆ, ಎನ್‌ವಿಎಂಇ ಮಾದರಿಯದು ಅದರ ಹಲವು ಪಟ್ಟು. ಎಚ್‌ಡಿ ಕೆಲಸಕ್ಕೆ ಮೊದಲನೆಯದೇ ಧಾರಾಳ. ಹೊರಗಿನ ಡಿಸ್ಕನ್ನು ಯಾವ ಕಿಂಡಿಗೆ ಚುಚ್ಚಲಾಗಿದೆ ಎಂಬುದನ್ನೂ ನೋಡಬೇಕು. ಯುಎಸ್‌ಬಿ 2 ಕಿಂಡಿಯಲ್ಲಿ ವಾಸ್ತವವಾಗಿ ಸೆಕೆಂಡಿಗೆ 30ರಿಂದ 40 ಎಂಬಿ ಹರಿದರೆ ಹೆಚ್ಚು. ಒಳಗೆ ಎಂಥ ಡಿಸ್ಕ್ ಇದ್ದರೂ ಅಷ್ಟೇ. ಒಳಭಾಗ ನೀಲಿಯಾಗಿರುವ ಕಿಂಡಿ ಸಾಮಾನ್ಯವಾಗಿ ಯುಎಸ್‌ಬಿ 3. ಮೆಮೊರಿ ಕಾರ್ಡನ್ನೇ ಚುಚ್ಚಿ ಅದರ ಮೇಲೆ ನೇರವಾಗಿ ಎಡಿಟ್ ಮಾಡುವುದು ನಿಧಾನವೂ ಹೌದು, ಅಪಾಯವೂ ಹೌದು. ಇರುವ ಎಸ್‌ಎಸ್‌ಡಿ ಚಿಕ್ಕದಾದರೆ ಪ್ರಾಕ್ಸಿಗೂ ತಂತ್ರಾಂಶ ತಾತ್ಕಾಲಿಕವಾಗಿ ಬರೆದಿಟ್ಟುಕೊಳ್ಳುವ ಕ್ಯಾಶ್ ಫೈಲುಗಳಿಗೂ ಅದನ್ನು ಕೊಟ್ಟು, ಮೂಲ ಫೈಲುಗಳನ್ನು ಹಾರ್ಡ್ ಡಿಸ್ಕಿನಲ್ಲಿ ಇಡುವುದು ಜಾಣತನ.

ರ‍್ಯಾಮ್ ಎಷ್ಟು ಬೇಕೆಂಬುದಕ್ಕೂ ಲೆಕ್ಕವೇ ಉತ್ತರ. ಬಿಡಿಸಿದ ಫ್ರೇಮನ್ನು ಎಫೆಕ್ಟುಗಳಿಗಾಗಿ ಅತಿ ನಿಖರ ರೂಪದಲ್ಲಿ ಇಟ್ಟುಕೊಂಡಾಗ ಬಿಂದುವಿಗೆ 16 ಬೈಟ್ ಹಿಡಿಯುತ್ತದೆ. ಆಗ ಎಚ್‌ಡಿ ಫ್ರೇಮ್ ಒಂದಕ್ಕೆ 33 ಎಂಬಿ, 4ಕೆ ಫ್ರೇಮಿಗೆ 133 ಎಂಬಿ. ಒಂದು ಸೆಕೆಂಡಿನ 4ಕೆ ದೃಶ್ಯ 3.3 ಜಿಬಿ ನುಂಗಿತು. ಎಂಟು ಜಿಬಿಯಲ್ಲಿ ವಿಂಡೋಸ್, ಬ್ರೌಸರು, ಎಡಿಟಿಂಗ್ ತಂತ್ರಾಂಶ ಮೂರೂ ಸೇರಿ ಉಸಿರುಗಟ್ಟುತ್ತವೆ. ಎಚ್‌ಡಿಗೆ 16, 4ಕೆಗೆ 32 ಜಿಬಿ ಎಂಬುದು ಸಮಂಜಸ. 16 ಜಿಬಿಯ ಒಂದು ಪಟ್ಟಿಯ ಬದಲು ಎಂಟರ ಎರಡು ಪಟ್ಟಿ ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದರ ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ, ಏಕೆಂದರೆ ಒಳಗ್ರಾಫಿಕ್ಸ್ ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಸರದಿ ಆಮೇಲೆ. ಬಣ್ಣ ತಿದ್ದುವುದು, ಮಸುಕು ಮಾಡುವುದು, ಅಳತೆ ಬದಲಿಸುವುದು, ನಾಯ್ಸ್ ತೆಗೆಯುವುದು ಇಂಥ ಕೆಲಸಗಳಲ್ಲಿ ಅದರ ಸಾವಿರಾರು ಪುಟ್ಟ ಕೋರುಗಳು ಒಟ್ಟಿಗೆ ದುಡಿಯುತ್ತವೆ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಒಳ್ಳೆಯ ಕಾರ್ಡಿದ್ದರೆ ಬಹಳ ಅನುಕೂಲ. ಬರೀ ಕತ್ತರಿಸಿ ಜೋಡಿಸಿ ಹಾಡು ಹಾಕುವವರಿಗೆ ಅದು ಮುಂದೂಡಬಹುದಾದ ಖರ್ಚು.

ಲ್ಯಾಪ್‌ಟಾಪಿನಲ್ಲಿ ಬಿಸಿಯೂ ವೇಗವನ್ನು ತಿನ್ನುತ್ತದೆ. ಚಿಪ್ಪು ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟುವ ಯಂತ್ರದಲ್ಲಿ ಅನುಮಾನಿಸಬೇಕಾದದ್ದು ಇದನ್ನೇ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಗಿನ ಬಿಸಿಯೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಹಾಸಿಗೆಯ ಮೇಲಿಟ್ಟು ಎಡಿಟ್ ಮಾಡಿದರೆ ಗಾಳಿಕಂಡಿ ಮುಚ್ಚಿಹೋಗಿ ಅರ್ಧ ಶಕ್ತಿಯೂ ಸಿಗದು. ಫ್ಯಾನಿನ ಧೂಳು ತೆಗೆಸುವುದು, ಹಿಂಭಾಗವನ್ನು ಸ್ವಲ್ಪ ಎತ್ತರಿಸಿಡುವುದು, ಚಾರ್ಜರ್ ಚುಚ್ಚಿಯೇ ಕೆಲಸ ಮಾಡುವುದು, ಇವು ಕಾಸಿಲ್ಲದ ಉಪಾಯಗಳು. ಬ್ಯಾಟರಿಯ ಮೇಲೆ ಓಡುವಾಗ ಬಹಳಷ್ಟು ಲ್ಯಾಪ್‌ಟಾಪುಗಳು ವೇಗವನ್ನು ತಾವಾಗಿ ಇಳಿಸಿಕೊಳ್ಳುತ್ತವೆ.

ಕೆಲಸದ ಕ್ರಮದಲ್ಲೂ ಬಹಳ ಸಮಯ ಉಳಿಸಬಹುದು. ಪ್ರಿವ್ಯೂ ಗುಣಮಟ್ಟವನ್ನು ಅರ್ಧಕ್ಕೆ ಇಳಿಸಿದರೆ ಅಡ್ಡ ಉದ್ದ ಎರಡೂ ಅರ್ಧವಾಗಿ, ಬಿಂದುಗಳು ಕಾಲು ಭಾಗವಾಗುತ್ತವೆ. ಎಕ್ಸ್‌ಪೋರ್ಟಿನ ಮೇಲೆ ಇದರ ಪರಿಣಾಮವಿಲ್ಲ. ಮೊದಲು ಕತ್ತರಿಸಿ ಮುಗಿಸಿ ಆಮೇಲೆ ಎಫೆಕ್ಟುಗಳಿಗೆ ಕೈ ಹಾಕಬೇಕು. ನಡುಗುವ ದೃಶ್ಯವನ್ನು ಸ್ಥಿರಗೊಳಿಸುವ ಎಫೆಕ್ಟ್ ಪ್ರತಿ ಫ್ರೇಮನ್ನೂ ಪರೀಕ್ಷಿಸುವುದರಿಂದ ಹತ್ತು ನಿಮಿಷದ ಕ್ಲಿಪ್ಪಿಗೆ ಹಾಕಿ ಹತ್ತು ಸೆಕೆಂಡ್ ಉಳಿಸಿಕೊಳ್ಳುವುದು ಶುದ್ಧ ವ್ಯರ್ಥ. ನಾಯ್ಸ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಪ್ರೀಮಿಯರಿನ ಟೈಮ್‌ಲೈನ್ ಮೇಲೆ ಕೆಂಪು ಗೆರೆ ಕಂಡ ಕಡೆ ಮಾತ್ರ ರೆಂಡರ್ ಮಾಡಿಕೊಂಡರೆ ಆ ಭಾಗ ಸಿದ್ಧ ವಿಡಿಯೊದಂತೆ ಓಡುತ್ತದೆ. ಹಳದಿ ಗೆರೆಯನ್ನು ಹಾಗೇ ಬಿಡಬಹುದು. ಊಟಕ್ಕೆ ಏಳುವಾಗ ಶುರು ಮಾಡಿ ಹೋಗುವ ಕೆಲಸವಿದು.

ಮದುವೆ ವಿಡಿಯೊಗಳಲ್ಲಿ ಯಾರೂ ಅನುಮಾನಿಸದ ಅಪರಾಧಿ ಎಂದರೆ ಫೋಟೊ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರ 6000 × 4000, ಅಂದರೆ ಎರಡು ಕೋಟಿ ನಲವತ್ತು ಲಕ್ಷ ಬಿಂದು. ಎಚ್‌ಡಿ ಫ್ರೇಮಿನ ಹನ್ನೊಂದು ಪಟ್ಟಿಗೂ ಹೆಚ್ಚು. ಅಂಥ ಐವತ್ತು ಫೋಟೊಗಳನ್ನು ಹಾಗೇ ಎಳೆದು ತಂದು ನಿಧಾನವಾಗಿ ಜೂಮ್ ಮಾಡಿಸಿದರೆ ಎಷ್ಟೋ ಯಂತ್ರಗಳು ಹ್ಯಾಂಗ್ ಆಗುತ್ತವೆ. ಮೊದಲೇ 2500 ಅಥವಾ 3000 ಬಿಂದು ಅಗಲಕ್ಕೆ ಇಳಿಸಿಕೊಂಡರೆ ಜೂಮಿಗೂ ಅವಕಾಶ ಉಳಿಯುತ್ತದೆ, ಟೈಮ್‌ಲೈನೂ ಹಗುರಾಗುತ್ತದೆ.

ಎಕ್ಸ್‌ಪೋರ್ಟಿನಲ್ಲಿ ಎರಡು ಆಯ್ಕೆ. ಪ್ರೊಸೆಸರಿನಿಂದಲೇ ಎಚ್.264 ಮಾಡಿಸುವುದು, ಅಥವಾ ಎನ್‌ವಿಡಿಯಾದ ಎನ್‌ವೆಂಕ್, ಇಂಟೆಲ್‌ನ ಕ್ವಿಕ್ ಸಿಂಕ್‌ನಂಥ ಮಂಡಲಕ್ಕೆ ಒಪ್ಪಿಸುವುದು. ಎರಡನೆಯದು ಬಹಳ ವೇಗ. ಅದೇ ಗಾತ್ರದ ಫೈಲಿನಲ್ಲಿ ಗುಣಮಟ್ಟ ತುಸು ಕಡಿಮೆ ಎಂಬುದು ನಿಜ, ಬಿಟ್‌ರೇಟನ್ನು ಸ್ವಲ್ಪ ಏರಿಸಿದರೆ ಆ ಕೊರತೆ ತುಂಬುತ್ತದೆ. ಯೂಟ್ಯೂಬಿಗೆ ಹಾಕುವ ವಿಡಿಯೊ ಆದರಂತೂ ಗಂಟೆಗಟ್ಟಲೆ ಎರಡು ಸುತ್ತಿನ ಸಂಕೋಚನ ಮಾಡಿಸುವುದರಲ್ಲಿ ಅರ್ಥವಿಲ್ಲ. ಯೂಟ್ಯೂಬ್ ಅದನ್ನು ಮತ್ತೆ ಸಂಕುಚಿಸಿಯೇ ತೋರಿಸುತ್ತದೆ. ಸೆಕೆಂಡಿಗೆ 24ರಿಂದ 30 ಫ್ರೇಮಿನ 1080ಪಿ ವಿಡಿಯೊಗೆ ಯೂಟ್ಯೂಬ್ ಸೂಚಿಸುವ ದರ 8 ಮೆಗಾಬಿಟ್. ಅದಕ್ಕಿಂತ ಒಂದಿಷ್ಟು ಹೆಚ್ಚು ಕೊಟ್ಟು ಹಾರ್ಡ್‌ವೇರ್ ಎನ್‌ಕೋಡಿಂಗಿನಲ್ಲೇ ಮುಗಿಸಬಹುದು. ಗಿರಾಕಿಗೆ ಪೆನ್‌ಡ್ರೈವಿನಲ್ಲಿ ಕೊಡುವ, ಮುಂದೆ ವರ್ಷಗಟ್ಟಲೆ ಇಡುವ ಪ್ರತಿಗೆ ನಿಧಾನದ ಆಯ್ಕೆ ಸರಿ, ಅದನ್ನು ರಾತ್ರಿ ಮಲಗುವಾಗ ಹಚ್ಚಿಟ್ಟರಾಯಿತು. ಪ್ರಿವ್ಯೂ ರೆಂಡರುಗಳನ್ನು ಪ್ರೊರೆಸ್‌ನಲ್ಲಿ ಮಾಡಿಸಿ, ಎಕ್ಸ್‌ಪೋರ್ಟನ್ನೂ ಅದೇ ಕೋಡೆಕ್ಕಿನಲ್ಲಿ ಮಾಡುವುದಾದರೆ ಪ್ರೀಮಿಯರ್ ಆ ಭಾಗಗಳನ್ನು ಮತ್ತೆ ಲೆಕ್ಕ ಹಾಕದೆ ಹಾಗೇ ನಕಲು ಮಾಡಿಕೊಳ್ಳಬಲ್ಲದು. ಗಿರಾಕಿ ಪದೇ ಪದೇ ಚಿಕ್ಕಪುಟ್ಟ ತಿದ್ದುಪಡಿ ಹೇಳುವಾಗ ಇದು ಗಂಟೆಗಳನ್ನು ಉಳಿಸುತ್ತದೆ.

ಕೆಲಸ ಮುಗಿದ ಮೇಲೆ ಪ್ರಾಕ್ಸಿ, ಕ್ಯಾಶ್, ಪ್ರಿವ್ಯೂ ಫೈಲುಗಳನ್ನು ಅಳಿಸಿಬಿಡಬಹುದು. ಮೂಲ ಫೈಲುಗಳು ಮತ್ತು ಪ್ರಾಜೆಕ್ಟ್ ಫೈಲು ಇದ್ದರೆ ಅವೆಲ್ಲವನ್ನೂ ಮತ್ತೆ ಹುಟ್ಟಿಸಿಕೊಳ್ಳಬಹುದು. ಹಳೆಯ ಮದುವೆಗಳ ಕ್ಯಾಶ್ ತಿಂಗಳುಗಟ್ಟಲೆ ಜಮೆಯಾಗಿ ಎಸ್‌ಎಸ್‌ಡಿ ತುಂಬಿಹೋದಾಗ ಅದರ ಬರೆಯುವ ವೇಗ ಕುಸಿಯುತ್ತದೆ. ಐದನೇ ಒಂದು ಭಾಗವಾದರೂ ಖಾಲಿ ಇರುವಂತೆ ನೋಡಿಕೊಳ್ಳಬೇಕು. ಪ್ರೀಮಿಯರಿನಲ್ಲಿ ಮೀಡಿಯಾ ಕ್ಯಾಶ್ ಹಳೆಯದಾದಂತೆ ತಾನಾಗಿ ಅಳಿಯುವಂತೆ ಹೊಂದಿಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿಯೇ ಇದೆ, ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನಿಂದ ರೆಂಡರ್ ಕ್ಯಾಶ್ ಅಳಿಸಬಹುದು.